ಏಳು ಬಾಟಲಿ

ಜೂನ್ 14

ಮೊಂಡನಿಗೆ,

ಕಾಗದದ ಮೊದಲ ಸಾಲಿನಲ್ಲಿ 'ನಾನು ಕ್ಷೇಮ' ಅಂತ ಬರೆಯಬೇಕು ಎಂದು ಅಪ್ಪ ಇಬ್ಬರಿಗೂ ಹೇಳಿಕೊಟ್ಟಿದ್ದರು. ಸುಳ್ಳು ಬರೆಯಲು ಕೈ ಬರುತ್ತಿಲ್ಲ. ನಾನು ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ಕೇಳುವ ಮನಸ್ಸೂ ಈಗ ಇಲ್ಲ.

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿಟ್ಟಿದ್ದೀಯ, ಅದಕ್ಕೇ ಅಂಚೆ. ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ.

ಎರಡು ತಿಂಗಳಿಂದ ಹೊಲಿಗೆ ಮೆಷಿನ್ನಿನ ಪೆಡಲ್ ಮೇಲೆ ಕಾಲು ಸರಿಯಾಗಿ ಕೂರುತ್ತಿರಲಿಲ್ಲ. ಸಂಜೆ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚು ಒತ್ತಿದಂತೆ ಮೂಡುತ್ತಿತ್ತು. ಬೆಳಿಗ್ಗೆ ಎದ್ದರೆ ಮುಖ ಊದಿರುತ್ತಿತ್ತು. ನಿನ್ನ ಭಾವ, 'ನಿದ್ದೆ ಚೆನ್ನಾಗಿ ಬಂದಿದೆ ಅನ್ಸುತ್ತೆ' ಅಂದರು. ಕಾಲಿನ ಹೆಬ್ಬೆರಳ ಮೇಲೆ ಕತ್ತರಿ ಬಿದ್ದು ಆದ ಗಾಯ ಮೂರು ತಿಂಗಳಾದರೂ ಮಾಯಲಿಲ್ಲ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಕೊನೆಗೆ ಆಸ್ಪತ್ರೆಗೆ ಹೋದೆ. ಸಕ್ಕರೆ ಕಾಯಿಲೆ ಅಂದರು. ಊರಿಗೆಲ್ಲ ಇದೆ, ನಿನಗೂ ಇದೆ, ನನಗೂ ಇರಲಿ ಅಂದುಕೊಂಡೆ. ಆದರೆ ರಕ್ತ, ಮೂತ್ರ ಎರಡನ್ನೂ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. 'ಅಮ್ಮ, ನಿಮ್ಮ ಕಿಡ್ನಿ ನೂರರಲ್ಲಿ ಇಪ್ಪತ್ತೆರಡು ಪಾಲು ಮಾತ್ರ ಕೆಲಸ ಮಾಡ್ತಿದೆ. ಇದು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ. ಹಿಂದೆ ಯಾವತ್ತಾದ್ರೂ ಮೂತ್ರ ಪರೀಕ್ಷೆ ಮಾಡಿಸಿದ್ರಾ?' ಎಂದು ಕೇಳಿದಳು.

ಮಾಡಿಸಿದ್ದೆ. ಏಳು ಸಲ. ನಿನ್ನ ಹೆಸರಿನಲ್ಲಿ.

ಬಸ್ ಡಿಪೋದಲ್ಲಿ ವರ್ಷಕ್ಕೊಮ್ಮೆ ಮೆಡಿಕಲ್. ಮೂತ್ರದಲ್ಲಿ ಸಕ್ಕರೆ ಕಂಡರೆ ಸ್ಟೀರಿಂಗ್ ಕೈ ತಪ್ಪುತ್ತದೆ. ನಿನಗೆ ಸಕ್ಕರೆ ಇತ್ತು, ನನಗಿಲ್ಲ ಎಂದುಕೊಂಡಿದ್ದೆವು. ಹಿಂದಿನ ಸಂಜೆ ನೀನು ಖಾಲಿ ಬಾಟಲಿ ಹಿಡಿದು ಬರುತ್ತಿದ್ದೆ, ಬೆಳಿಗ್ಗೆ ಅದು ನನ್ನ ಮೂತ್ರ ತುಂಬಿಕೊಂಡು ನಿನ್ನ ಊಟದ ಕ್ಯಾರಿಯರಿನ ತಳದ ಡಬ್ಬಿಯಲ್ಲಿ ಕೂತು ಡಿಪೋಗೆ ಹೋಗುತ್ತಿತ್ತು. ವರ್ಷದಲ್ಲಿ ನೀನು ನನ್ನ ಮನೆಗೆ ಬರುತ್ತಿದ್ದುದು ಅದೊಂದೇ ಸಲ.

ಏಳನೆಯ ವರ್ಷದ ರಿಪೋರ್ಟಿನಲ್ಲಿ ಏನೋ ಬಂತೆಂದು ನಿನ್ನನ್ನು ಬಸ್ಸಿನಿಂದ ಇಳಿಸಿದರು. ಏನು ಬಂದಿತ್ತು? ಆವತ್ತು ನೀನು ಕೂಗಾಡಿದ್ದು ನೆನಪಿದೆ, ರಿಪೋರ್ಟಿನಲ್ಲಿ ಏನಿತ್ತು ಎಂದು ನಾನು ಓದಲೇ ಇಲ್ಲ.

ಆ ಏಳೂ ಕಾಗದ ನನಗೆ ಬೇಕು. ಕಿಡ್ನಿ ಎಷ್ಟು ವರ್ಷದಿಂದ, ಎಷ್ಟು ಬೇಗ ಕೆಡುತ್ತಿದೆ ಎಂದು ಗೊತ್ತಾಗಬೇಕಂತೆ. ನಿಧಾನವಾಗಿ ಕೆಟ್ಟಿದ್ದರೆ ಸಕ್ಕರೆಯ ಕೆಲಸ. ಇದ್ದಕ್ಕಿದ್ದಂತೆ ಕೆಟ್ಟಿದ್ದರೆ ಬೇರೆ ರೋಗ, ಬೇರೆ ಔಷಧಿ, ಬೆನ್ನಿನಿಂದ ಸೂಜಿ ತೂರಿಸಿ ಕಿಡ್ನಿಯ ಚೂರು ತೆಗೆದು ನೋಡಬೇಕು. ನನ್ನ ಆರೋಗ್ಯದ ಚರಿತ್ರೆಯೆಲ್ಲ ನಿನ್ನ ಫೈಲಿನಲ್ಲಿದೆ. ಕಳಿಸು.

ನಿನ್ನ ಅಕ್ಕ


ಜೂನ್ 23

ಅಕ್ಕನಿಗೆ,

ಕಾಗದ ಬಂತು. ಇವಳು ಓದಿ ಅತ್ತಳು. ನಾನು ಅಳಲಿಲ್ಲ.

ಮರೆವು ನಿನಗೆ ಅನುಕೂಲ. ನನಗೆ ಎಲ್ಲ ನೆನಪಿದೆ. ಏಳನೆಯ ಮೆಡಿಕಲ್‌ನ ಹಿಂದಿನ ಸಂಜೆ ನಿನ್ನ ಮೆಷಿನ್ನಿನ ಸೂಜಿಗೆ ದಾರ ಪೋಣಿಸಲು ಕೊಟ್ಟೆ. ಆರು ಸಲ ತಪ್ಪಿತು. 'ಸೂಜಿಗೆ ದಾರ ಹಾಕಕ್ಕಾಗದವನು ಐವತ್ತು ಜನರನ್ನ ಕೂರಿಸ್ಕೊಂಡು ಹೋಗ್ತೀಯಾ? ಇದೇ ಕೊನೇ ಬಾಟಲಿ, ಇನ್ನು ಕೊಡಲ್ಲ' ಅಂದೆ. ಮಾರನೆಯ ವಾರ ರಿಪೋರ್ಟ್ ಬಂತು. ಸಕ್ಕರೆ ಇದೆ, ಪ್ರೋಟೀನ್ ಬಹಳ ಹೋಗುತ್ತಿದೆ ಅಂತ. ಆರು ವರ್ಷ ಇಲ್ಲದ್ದು ಆ ವರ್ಷವೇ ಎಲ್ಲಿಂದ ಬಂತು?

ಓಡಿ ಬಂದು, ಬಾಟಲಿಗೆ ಏನಾದರೂ ಹಾಕಿದೆಯಾ ಎಂದು ಕೇಳಿದೆ. ನೀನು ಶಾಲೆಯ ಯೂನಿಫಾರ್ಮುಗಳ ರಾಶಿಯ ನಡುವೆ ಕೂತಿದ್ದೆ. ನಾಲ್ಕು ಜನ ಗಿರಾಕಿಗಳಿದ್ದರು. ತಲೆಯನ್ನೂ ಎತ್ತದೆ, 'ಹೌದು ಕಣೋ, ಹಾಕಿದೆ. ಸಕ್ಕರೇನೂ ಹಾಕಿದೆ, ಮೊಟ್ಟೆ ಬಿಳೀನೂ ಹಾಕಿದೆ. ಏನೀಗ?' ಅಂದೆ. ನಿನ್ನ ಬಾಯಿಂದಲೇ ಬಂದ ಮಾತು.

ಇಪ್ಪತ್ತೆಂಟು ವರ್ಷ ಸ್ಟೀರಿಂಗ್ ಹಿಡಿದವನು ಈಗ ಟೈರ್ ಗೋದಾಮಿನಲ್ಲಿ ಗಾಳಿ ಹೊಡೆಯುತ್ತಿದ್ದೇನೆ. ಆವತ್ತು ಹೇಳಿದ್ದು ಸುಳ್ಳೋ, ಇವತ್ತು ಬರೆದದ್ದು ಸುಳ್ಳೋ, ನೀನೇ ತೀರ್ಮಾನ ಮಾಡಿ ತಿಳಿಸು.

ಕಾಗದಗಳು ಡಿಪೋದಲ್ಲಿವೆ. ನನಗಿನ್ನೂ ಎಂಟು ತಿಂಗಳ ಸರ್ವಿಸ್ ಇದೆ. ಕೆದಕಬೇಡ.

ತಮ್ಮ


ಜೂನ್ 28

ಆವತ್ತಿನದು ಸುಳ್ಳು.

ಓದಿದೆಯಾ? ಇನ್ನೊಮ್ಮೆ ಓದು. ನಾನು ಏನೂ ಹಾಕಿರಲಿಲ್ಲ. ಗಿರಾಕಿಗಳ ಎದುರು ನೀನು ನನ್ನನ್ನು ವಿಷ ಹಾಕುವವಳು ಅಂದೆ. ನನಗೆ ರೇಗಿತು. ಕೇಳುವವನ ಮುಖದಲ್ಲಿ ಉತ್ತರ ಮೊದಲೇ ಬರೆದಿರುವಾಗ ಇಲ್ಲ ಎಂದು ಗೋಗರೆಯಲೇ? ಹೌದು ಅಂದೆ. ಮೊಟ್ಟೆಯ ಬಿಳಿ ಅಂತ ಬಾಯಿಗೆ ಬಂದದ್ದೂ ನಿನ್ನಿಂದಲೇ. ಡಿಪೋದಲ್ಲಿ ಯಾರೋ ವೈರಿಯ ರಿಪೋರ್ಟ್ ಕೆಡಿಸಲು ಅವನ ಬಾಟಲಿಗೆ ಅದನ್ನು ಹಾಕಿದ ಕಥೆಯನ್ನು ನೀನೇ ಹೇಳಿ ನಕ್ಕಿದ್ದೆ.

ಆ ಒಂದು ಮಾತಿಗೆ ನನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದು ನಿನಗೆ ಗೊತ್ತಿಲ್ಲ. ಹೌದು ಅನ್ನದೆ 'ಏನು ಬಂದಿದೆ, ತೋರಿಸು' ಅಂದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗುತ್ತಿದ್ದೆ. ಮೂರು ವರ್ಷ ಬೆನ್ನು ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ಕಡಲೆಯಂತೆ ತಿಂದೆ. ಆ ಮಾತ್ರೆಯೂ ಕಿಡ್ನಿಗೆ ಆಗದಂತೆ.

ಆದರೆ ನೀನು? ನೀನು ರಿಪೋರ್ಟ್ ಓದಿದ್ದೆ. ಬಾಟಲಿ ಯಾರದು ಎಂದು ಪ್ರಪಂಚದಲ್ಲಿ ಗೊತ್ತಿದ್ದವನು ನೀನೊಬ್ಬನೇ. ಅಕ್ಕನ ಮೂತ್ರದಲ್ಲಿ ಹೀಗೆ ಬಂದಿದೆ, ಅಕ್ಕನಿಗೆ ಏನಾದರೂ ಆಗಿದೆಯಾ ಎಂದು ಒಂದು ಸಲ, ಒಂದೇ ಒಂದು ಸಲ, ತಲೆಗೆ ಬರಲಿಲ್ಲವಾ? ನಿನ್ನ ಪಾಲಿಗೆ ಅದು ಕೆಟ್ಟುಹೋದ ಸಾಮಾನು, ನಾನು ಕೆಟ್ಟ ಸಾಮಾನು ಕೊಟ್ಟ ಅಂಗಡಿಯವಳು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ತಿಂದವನು ನೀನು, ಕುಡಿಯುತ್ತಿರುವವಳು ನಾನು. ಅದನ್ನೂ ಲೋಟದಲ್ಲಿ ಅಳೆದು ಕುಡಿಯಬೇಕು.

ಅಕ್ಕ


ಜುಲೈ 21

ಅಕ್ಕನಿಗೆ,

ಏಳನೆಯ ರಿಪೋರ್ಟ್ ಮಾತ್ರ ಮನೆಯಲ್ಲಿತ್ತು. ಇದರ ಜೊತೆ ಇಟ್ಟಿದ್ದೇನೆ. ಮಡಿಕೆಯಲ್ಲಿ ಹರಿದಿದೆ, ಇವಳು ಅಂಟಿಸಿದ್ದಾಳೆ.

ಎಲ್ಲಿಂದ ಬಂತು ಎಂದು ಯಾರಿಗೂ ಹೇಳಬೇಡ. ನಿನ್ನ ಎರಡನೆಯ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಆಗಲಿಲ್ಲ.

ತಮ್ಮ


ಆಗಸ್ಟ್ 3

ಮೊಂಡನಿಗೆ,

ಕಾಗದವನ್ನು ಡಾಕ್ಟರಮ್ಮನ ಮುಂದಿಟ್ಟೆ. ಅವಳು ನೋಡಿ, ತಿರುಗಿಸಿ ನೋಡಿ, 'ಅಮ್ಮ, ಇದು ಗಂಡಸಿನ ರಿಪೋರ್ಟು' ಅಂದಳು. ಹೆಸರು ನಿನ್ನದು, ವಯಸ್ಸು ನಿನ್ನದು, ತೂಕ ನಿನ್ನದು. ಎಲ್ಲ ಹೇಳಿದೆ. ಮೊದಲು ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಸಿಟ್ಟು ಬಂದಿತ್ತು ಅಂತ ಬೆನ್ನಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ಕೂತು ಬಿಡಿಸಿ ಹೇಳಿದಳು. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿ ವರ್ಷಗಟ್ಟಲೆ ನಿಂತರೆ ಕಿಡ್ನಿಯ ಒಳಗಿನ ಸಣ್ಣ ಜರಡಿಗಳಲ್ಲಿ ಉರಿಯೂತ ಶುರುವಾಗುತ್ತದಂತೆ. ಗಾಯಕ್ಕೆ ಬರುವಂಥದ್ದೇ, ಆದರೆ ಗಾಯ ಇಲ್ಲ, ನೋವೂ ಇಲ್ಲ. 'ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಹಾಗೆ. ಮೇಲೆ ತಣ್ಣಗೆ ಕಾಣುತ್ತೆ, ಒಳಗೆ ಸುಡ್ತಾನೇ ಇರುತ್ತೆ' ಅಂದಳು. ಸುಟ್ಟ ಜಾಗ ಗಟ್ಟಿಯಾಗಿ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಜರಡಿ ಹರಿದಾಗ ಮೈಗೆ ಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ, ಅದಕ್ಕೇ ನನಗೆ ಮೂತ್ರದಲ್ಲಿ ನೊರೆ ಬರುತ್ತಿದ್ದುದು. ವಸಡಿನ ಕೀವು, ಕಾಲಿನ ಗಾಯ ಇವೆಲ್ಲ ಆ ಕೆಂಡಕ್ಕೆ ಗಾಳಿ ಹಾಕುತ್ತವೆ.

ಒಂದು ಕಾಗದ ಸಾಲದು. ಹಿಂದಿನ ಆರೂ ಬೇಕು. ಜೊತೆಗೆ, ಈ ಮೂತ್ರ ನನ್ನ ಅಕ್ಕನದು ಎಂದು ನೀನು ಬರೆದು ಸಹಿ ಹಾಕಬೇಕು, ಡಿಪೋ ಡಾಕ್ಟರು ಅದರ ಮೇಲೆ ಮುದ್ರೆ ಒತ್ತಬೇಕು. ಸೂಜಿ ಹಾಕುವುದನ್ನು ನವೆಂಬರ್ ಕೊನೆಯವರೆಗೆ ತಡೆದಿದ್ದಾಳೆ. ಸೂಜಿಯಿಂದ ರಕ್ತ ಸೋರಿ ಉಳಿದ ಇಪ್ಪತ್ತೆರಡೂ ಕೈಕೊಡಬಹುದು, ಅದು ಅಪರೂಪ, ಆದರೂ ಹೇಳಬೇಕಾದ್ದು ನನ್ನ ಧರ್ಮ ಅಂದಳು.

ಇನ್ನೊಂದು ಪ್ರಶ್ನೆ ಕೇಳಿದಳು, ಅದನ್ನು ನಿನಗೇ ಕಳಿಸುತ್ತಿದ್ದೇನೆ. 'ನಿಮ್ಮ ತಮ್ಮನ ಮೂತ್ರವನ್ನ ಯಾರು ನೋಡಿದ್ದಾರೆ?'

ಅಕ್ಕ


ಸೆಪ್ಟೆಂಬರ್ 19

ಅಕ್ಕನಿಗೆ,

ಯಾರೂ ನೋಡಿಲ್ಲ. ಹತ್ತು ವರ್ಷವಾಯಿತು. ಮಾತ್ರೆ ನೆನಪಾದಾಗ ನುಂಗುತ್ತೇನೆ. ಪಾದದಲ್ಲಿ ಜೋಮು ಇದೆ, ಬಗ್ಗಿ ನೋಡುವ ಧೈರ್ಯ ಇಲ್ಲ.

ನೀನು ಹೇಳಿದ್ದು ಬರೆದುಕೊಡಲು ಆಗುವುದಿಲ್ಲ. ಕಾರಣ ಕೇಳು. ಬಾಟಲಿ ತಂದವನು ನಾನೊಬ್ಬನೇ ಅಲ್ಲ. ಡಿಪೋದಲ್ಲಿ ಅದಕ್ಕೆ ಬದಲಿ ಟೈರಿನ ಹಾಗೆ 'ಸ್ಟೆಪ್ನಿ' ಅನ್ನುತ್ತಾರೆ. ಮೆಡಿಕಲ್ ದಿನ ಹನ್ನೊಂದು ಜನರ ಕ್ಯಾರಿಯರಿನಲ್ಲಿ ಸ್ಟೆಪ್ನಿ ಇರುತ್ತದೆ. ಒಬ್ಬ ಹೆಂಡತಿಯದು ತರುತ್ತಾನೆ, ಒಬ್ಬ ಅಳಿಯನದು. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಅಕ್ಕ ಒಬ್ಬಳೇ ಮೂವರಿಗೆ ಕೊಡುತ್ತಾಳೆ. ನಾನು ಬಾಯಿ ಬಿಟ್ಟರೆ ಹನ್ನೊಂದು ಜನ ಬೀದಿಗೆ. ಐದು ತಿಂಗಳಿಗೆ ಪೆನ್ಷನ್ ಬರುತ್ತದೆ. ಅಷ್ಟು ಹೊತ್ತು ತಡೆದುಕೋ. ಆಮೇಲೆ ಏಳಲ್ಲ, ಎಪ್ಪತ್ತು ಕಾಗದಕ್ಕೆ ಸಹಿ ಹಾಕುತ್ತೇನೆ.

ನನ್ನ ಒಂದು ಕಿಡ್ನಿ ಕೊಡಲು ಬರುತ್ತದಾ ಎಂದು ಇವಳು ಕೇಳಲು ಹೇಳಿದಳು. ನಾನೂ ಕೇಳುತ್ತಿದ್ದೇನೆ.

ತಮ್ಮ


ಸೆಪ್ಟೆಂಬರ್ 24

ಸಕ್ಕರೆ ಇದ್ದವನ ಕಿಡ್ನಿ ಯಾರೂ ಮುಟ್ಟುವುದಿಲ್ಲ. ನಿನ್ನದು ನಿನಗೇ ಇರಲಿ, ಹತ್ತು ವರ್ಷದಿಂದ ಅದರ ಮುಖ ನೋಡಿದವರಿಲ್ಲ.

ನಾನು ಕೇಳಿದ್ದು ಕಿಡ್ನಿ ಅಲ್ಲ, ಕಾಗದ. ಕೇಳಿದ್ದನ್ನು ಕೊಡಲಾಗದವನು ಕೇಳದ್ದನ್ನು ದಾನ ಮಾಡಲು ಹೊರಟಿದ್ದೀಯ. ಐದು ತಿಂಗಳು ತಡೆದುಕೋ ಎಂದು ನನಗೆ ಹೇಳಿದೆ. ಕೆಂಡಕ್ಕೂ ಹೇಳಿ ನೋಡು.

ಹನ್ನೊಂದು ಡ್ರೈವರುಗಳನ್ನು ಎಣಿಸಿದೆ. ಬಾಟಲಿ ಕೊಟ್ಟವರನ್ನು ಎಣಿಸಿದೆಯಾ?

ಇದಕ್ಕೆ ಉತ್ತರ ಬರೆಯಬೇಡ. ಕಾಗದಗಳಿದ್ದರೆ ಕಳಿಸು, ಇಲ್ಲದಿದ್ದರೆ ಅಂಚೆ ಚೀಟಿ ಹಾಳು ಮಾಡಬೇಡ.

ಅಕ್ಕ


ನವೆಂಬರ್ 16

ಅಕ್ಕನಿಗೆ,

ಏಳಕ್ಕೆ ಒಂದು ಕಡಿಮೆ, ಆರು ಕಾಗದ ಇಟ್ಟಿದ್ದೇನೆ. ಏಳನೆಯದು ನಿನ್ನಲ್ಲಿದೆ. ಎಲ್ಲದರ ನಕಲಿನ ಹಿಂದೆಯೂ ಡಿಪೋ ಡಾಕ್ಟರು ಮುದ್ರೆ ಒತ್ತಿದ್ದಾರೆ. ಮೇಲಿರುವುದು ನಾನು ಬರೆದದ್ದು. ಕೈಬರಹ ಕೆಟ್ಟದಾಗಿದೆ.

ಹೇಗಾಯಿತು ಎಂದು ಹೇಳುತ್ತೇನೆ. ಹೋದ ತಿಂಗಳು ಒಂದು ದಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದೆ. ಪಾತ್ರೆ ತೊಳೆಯುವ ಅಕ್ಕ ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ನಿಂತಿದ್ದಳು. ಅವಳ ಪಾದದ ಮೇಲೆ ಪಟ್ಟಿಯ ಅಚ್ಚು ಆಳವಾಗಿ ಮೂಡಿತ್ತು. ನಿನ್ನ ಮೊದಲ ಕಾಗದದಲ್ಲಿ ನೀನು ಬರೆದಂತೆಯೇ. 'ಕಾಲು ಊದಿದೆಯಲ್ಲಮ್ಮ' ಅಂದೆ. 'ದಿನವಿಡೀ ನಿಂತೇ ಇರ್ತೀನಲ್ಲಣ್ಣ, ಊದದೆ ಇನ್ನೇನು' ಎಂದು ನಕ್ಕಳು. ಈ ವರ್ಷ ಅವಳ ಬಾಟಲಿ ತಂದ ಮೂವರಲ್ಲಿ ಇಬ್ಬರಿಗೆ 'ಮತ್ತೆ ಪರೀಕ್ಷೆ ಮಾಡಿಸಿ' ಎಂದು ಬಂದಿತ್ತು. ಅವರು ಏನು ಮಾಡಿದರು ಗೊತ್ತಾ? ಬೇರೆಯವರ ಬಾಟಲಿ ತಂದರು. ಅವಳಿಗೆ ಹೇಳಲಿಲ್ಲ.

ಚಹಾದ ಲೋಟ ಕೆಳಗಿಟ್ಟೆ. ಆ ಇಬ್ಬರ ಮೇಲೆ ಕೈ ಎತ್ತುವಷ್ಟು ಸಿಟ್ಟು ಬಂತು. ಆಮೇಲೆ, ನಾನು ಯಾವ ಸೀಮೆಯ ಸಾಚಾ ಅನ್ನಿಸಿತು.

ಆದರೂ ಎದೆ ಗಟ್ಟಿಯಾಗಲು ಎರಡು ವಾರ ಹಿಡಿಯಿತು. ಕೊನೆಗೆ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಮೂವತ್ತು ವರ್ಷದಿಂದ ತಲೆ ಎತ್ತದೆ ಮುದ್ರೆ ಒತ್ತುವ ಮನುಷ್ಯ ಆವತ್ತು ತಲೆ ಎತ್ತಿದರು. 'ಅಂದ್ರೆ ಏಳು ವರ್ಷ ನಾನು ನಿನ್ನ ಅಕ್ಕನ್ನ ಪರೀಕ್ಷೆ ಮಾಡಿದ್ದೀನಿ' ಅಂದರು. ಆಮೇಲೆ ಬೈದರು. ಅವರು ಬೈದದ್ದನ್ನು ಬರೆಯಲಾರೆ, ಬೈಗುಳದಲ್ಲಿ ನೀನೇ ವಾಸಿ. ಬೈದು ಮುಗಿಸಿ ಒಂದು ಬಾಟಲಿ ಕೊಟ್ಟು, ಬಾಗಿಲು ತೆರೆದಿಟ್ಟು, ಎದುರಿಗೇ ನಿಂತರು. ಸಕ್ಕರೆ ಬಂತು. ಪ್ರೋಟೀನ್ ಸ್ವಲ್ಪ, 'ಟ್ರೇಸ್' ಎಂದು ಬರೆದರು.

ಕ್ಯಾಂಟೀನಿನ ಅಕ್ಕನನ್ನು ಅವರೇ ಕರೆಸಿ ಪರೀಕ್ಷೆ ಮಾಡಿದರು. ಅವಳಿಗೂ ಇದೆ. ನಿನ್ನಷ್ಟಿಲ್ಲ, ಈಗ ಮಾತ್ರೆ ಶುರು ಮಾಡಿದರೆ ಹಿಡಿದು ನಿಲ್ಲಿಸಬಹುದಂತೆ. ಅವಳು ನನ್ನ ಮುಖಕ್ಕೇ, 'ನೀವೆಲ್ಲ ಗೊತ್ತಿದ್ದೂ ಸುಮ್ನಿದ್ರಾ ಅಣ್ಣಾ?' ಅಂದಳು. ಅದಕ್ಕೆ ಏನು ಹೇಳಬೇಕಿತ್ತು ನೀನೇ ಹೇಳು.

ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ. ಪೆನ್ಷನ್ ವಿಚಾರಣೆಯ ಕೈಯಲ್ಲಿದೆ. ಸ್ಟೆಪ್ನಿಯ ಗುಟ್ಟು ಬಿಟ್ಟುಕೊಟ್ಟೆ ಎಂದು ಡಿಪೋದವರು ಮಾತು ಬಿಟ್ಟಿದ್ದಾರೆ. ಆದೇಶ ಬರುವ ಮುಂಚಿನ ವಾರ ದಿನಾ ನನ್ನ ಸೈಕಲ್ಲಿನ ಗಾಳಿ ಬಿಡುತ್ತಿದ್ದರು. ನಾನು ದಿನಾ ಹೊಡೆದುಕೊಂಡು ಬರುತ್ತಿದ್ದೆ. ಮೂರು ವರ್ಷ ಕಲಿತ ವಿದ್ಯೆ.

ಇನ್ನೊಂದು ಇದೆ. ಹೇಳದಿದ್ದರೆ ಐದನೆಯ ಕಾಗದ ನೋಡಿ ನೀನೇ ಕಂಡುಕೊಳ್ಳುತ್ತೀಯ. ಅದರ ಕೆಳಗೆ ಡಾಕ್ಟರು ಬರೆದಿದ್ದಾರೆ: ಪ್ರೋಟೀನ್ ಹೋಗುತ್ತಿದೆ, ಉಪ್ಪು ಕಡಿಮೆ ಮಾಡಿ, ಆರು ತಿಂಗಳಿಗೆ ಮತ್ತೆ ತೋರಿಸಿ. ಅದನ್ನು ನಾನು ಆವತ್ತೇ ಓದಿದ್ದೆ. ಓದಿ ಹೆದರಿದೆ. ಒಂದು ವರ್ಷ ಉಪ್ಪಿಲ್ಲದೆ ಉಂಡೆ. ಇವಳು ನನಗೇ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು ಮಾಡುತ್ತಿದ್ದಳು. ಕಾಗದದಲ್ಲಿ ನನ್ನ ಹೆಸರಿತ್ತು ಅಕ್ಕ. ಅದು ನನ್ನದಲ್ಲ ಅನ್ನುವುದೇ ಮರೆತುಹೋಗಿತ್ತು.

ತಮ್ಮ


ಡಿಸೆಂಬರ್ 2

ಮೊಂಡನಿಗೆ,

ಡಾಕ್ಟರಮ್ಮ ಏಳೂ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಮೊದಲ ಮೂರರಲ್ಲಿ ಏನೂ ಇಲ್ಲ. ನಾಲ್ಕರಲ್ಲಿ ಟ್ರೇಸ್. ಐದರಲ್ಲಿ ಒಂದು ಕೂಡು ಚಿಹ್ನೆ, ಆರರಲ್ಲೂ ಒಂದು, ಏಳರಲ್ಲಿ ಎರಡು, ಜೊತೆಗೆ ಸಕ್ಕರೆ. ರಕ್ತದಲ್ಲಿ ಬಹಳ ಏರಿದ ಮೇಲೆಯೇ ಸಕ್ಕರೆ ಮೂತ್ರಕ್ಕೆ ಬರುವುದಂತೆ. ಬೆರಳಿಟ್ಟು ಒಂದೊಂದೇ ಓದಿದಳು. ನಿಧಾನವಾಗಿ ಇಳಿದಿದೆ, ಕಣ್ಣಿನ ಪರೀಕ್ಷೆಯೂ ಅದನ್ನೇ ಹೇಳುತ್ತಿದೆ, ಇದು ಸಕ್ಕರೆಯದೇ, ಸೂಜಿ ಬೇಡ ಅಂದಳು. ಇಪ್ಪತ್ತೆರಡು ಈಗ ಇಪ್ಪತ್ತೊಂದಾಗಿದೆ. ಸಕ್ಕರೆ, ರಕ್ತದೊತ್ತಡ, ಬಾಯಿ, ಕಾಲು ನಾಲ್ಕನ್ನೂ ಹದ್ದುಬಸ್ತಿನಲ್ಲಿಟ್ಟರೆ ಡಯಾಲಿಸಿಸ್ ಮೆಷಿನ್ನಿಗೆ ರಕ್ತ ಕೊಟ್ಟು ತೊಳೆಸುವ ದಿನವನ್ನು ಕೆಲವು ವರ್ಷ ದೂಡಬಹುದಂತೆ. ಗಾಯ ಮಾದಿದೆ. ವಸಡಿನ ಎರಡು ಹಲ್ಲು ಕಿತ್ತರು. ಪೆಡಲ್ ತುಳಿಯುತ್ತಿದ್ದೇನೆ.

ಐದನೆಯ ವರ್ಷವೇ ಬಂದಿದ್ದರೆ ಎಂದು ನಾನೇ ಕೇಳಿದೆ. ಅವಳು ಹೇಳಲು ಹಿಂದೆ ಮುಂದೆ ನೋಡಿದಳು. 'ಅರ್ಧಕ್ಕಿಂತ ಹೆಚ್ಚು ಉಳೀಬಹುದಿತ್ತು' ಅಂದಳು.

ಐದನೆಯ ಕಾಗದವನ್ನು ಮನೆಗೆ ತಂದು ಮೆಷಿನ್ ಎದುರಿನ ಗೋಡೆಗೆ ಪಿನ್ನು ಚುಚ್ಚಿ ಇಟ್ಟಿದ್ದೇನೆ. ನೀನು ಸಪ್ಪೆ ಉಂಡ ಆ ವರ್ಷ ನನಗೆ ನೆನಪಿದೆ. ಯೂನಿಫಾರ್ಮ್ ಹೊಲಿಗೆ ಜಾಸ್ತಿ ಇತ್ತು, ಅಡುಗೆಗೆ ಪುರುಸೊತ್ತಿಲ್ಲದೆ ಉಪ್ಪು ಹಾಕಿದ ಕಡಲೆಬೀಜದ ಪೊಟ್ಟಣ ಮಡಿಲಲ್ಲಿಟ್ಟುಕೊಂಡೇ ಹೊಲಿಯುತ್ತಿದ್ದೆ. ನನ್ನ ಪಥ್ಯವನ್ನು ನೀನು ಮಾಡಿದೆ. ಇದನ್ನು ಓದಿ ಮೊದಲು ನಕ್ಕೆ. ನಿನ್ನ ಭಾವ ಏನೆಂದು ಕೇಳಿದರು, ಹೇಳಲು ಹೋಗಿ ಅತ್ತೆ. ಆಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ನೀನು ಮಾಡಿದ್ದು ಸರಿ, ತಡ ಮಾಡಿದ್ದು ತಪ್ಪು. ಎರಡೂ ಒಂದನ್ನೊಂದು ಹೊಡೆದುಹಾಕುವುದಿಲ್ಲ.

ಕ್ಯಾಂಟೀನಿನ ಆ ಹೆಂಗಸಿಗೆ ಏನು ಹೇಳಬೇಕಿತ್ತು ಎಂದು ಕೇಳಿದ್ದೆ. ಹೇಳಲು ಏನೂ ಇಲ್ಲ. ತಿಂಗಳಿಗೊಮ್ಮೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು. ಸಸ್ಪೆಂಡ್ ಆದವನಿಗೆ ಬೇಕಾದಷ್ಟು ಬಿಡುವಿದೆ.

ಈಗ ನಿನ್ನ ವಿಷಯ. ನಿನ್ನ ಟ್ರೇಸ್ ಕಾಗದವನ್ನು ಡಾಕ್ಟರಮ್ಮನಿಗೆ ಓದಿ ಹೇಳಿದೆ. ಅವಳು ನನ್ನ ನಾಲ್ಕನೆಯ ಕಾಗದದ ಮೇಲೆ ಬೆರಳಿಟ್ಟು, 'ಅವರು ಇಲ್ಲಿದ್ದಾರೆ' ಅಂದಳು. ನಾನು ಕುರುಡಿಯಾಗಿ ದಾಟಿದ ಜಾಗದಲ್ಲಿ ನೀನು ಕಣ್ಣು ಬಿಟ್ಟು ನಿಂತಿದ್ದೀಯ. ಇಲ್ಲಿಂದ ಒಂದು ಕೂಡು ಚಿಹ್ನೆ ಮುಂದೆ ಹೋದರೂ ನಾನು ಸುಮ್ಮನಿರುವುದಿಲ್ಲ. ಬಗ್ಗಿ ಪಾದ ನೋಡು. ದಿನಾ ನೋಡು.

ಸೋಮವಾರ ಬೆಳಿಗ್ಗೆಗೆ ಆಸ್ಪತ್ರೆಯಲ್ಲಿ ನಿನ್ನ ಹೆಸರಿನಲ್ಲಿ ಚೀಟಿ ಮಾಡಿಸಿದ್ದೇನೆ. ಭಾನುವಾರ ಸಂಜೆಯೇ ಬಂದು ಮನೆಯಲ್ಲಿ ಮಲಗು. ಊಟಕ್ಕೆ ಇಬ್ಬರಿಗೂ ಸಪ್ಪೆ, ಗೊಣಗಬಾರದು. ಕಾಗದದಲ್ಲಿ ಬೈದರೆ ನನಗೆ ಸಾಲುತ್ತಿಲ್ಲ, ಎದುರಿಗೆ ಕೂರಿಸಿಕೊಂಡು ಬೈಯಬೇಕು.

ಏಳು ವರ್ಷವೂ ಕೈಯಲ್ಲಿ ಖಾಲಿ ಬಾಟಲಿ ಹಿಡಿದೇ ಬಂದೆ. ಈ ಸಲ ಬರಿಗೈಯಲ್ಲಿ ಬಾ.

ನಿನ್ನ ಅಕ್ಕ